ನೆರಳಣ್ಣ ಗಾಡಿ ಬಿಟ್ಟ ದಿನ

ಟ್ಯಾಕ್ಸಿ ಸ್ಟ್ಯಾಂಡಿನ ಬೋರ್ಡಿನ ಮೇಲೆ ಬರೆದಿರುವುದು ಇಷ್ಟೇ: "ದಿನದ ಬಾಡಿಗೆ. ನೀವು ಹೇಳಿದ ಕಡೆ, ನೀವು ಹೇಳಿದಷ್ಟು ಹೊತ್ತು." ಬರೆಸಿದವರು ಯಾರೋ, ಬಣ್ಣ ಹಚ್ಚಿದವರು ಯಾರೋ. ಆ ಮಾತನ್ನು ಅಕ್ಷರಕ್ಕೆ ಅಕ್ಷರ ನಡೆಸಿಕೊಟ್ಟವನು ಮಾತ್ರ ಒಬ್ಬನೇ, ನೆರಳಣ್ಣ. ಊರು ನೋಡಲು ಬಂದವರು ಈಗ ಬಂದೆವು ಎಂದು ಹೇಳಿ ಹೋಗಿ ಕೆರೆಯ ದಂಡೆಯಲ್ಲಿ ಅರ್ಧ ದಿನ ಕೂತರೂ ಅವನು ಹಾರ್ನ್ ಹೊಡೆಯುವವನಲ್ಲ. ಅರ್ಧ ದಿನ ಎಂದು ಹೋದವರು ಹೊಸ ಚಪ್ಪಲಿ ಕಚ್ಚಿತೆಂದು ಆಗಲೇ ಕುಂಟುತ್ತ ವಾಪಸು ಬಂದರೂ ಅವನು ಗಾಡಿಯ ಹತ್ತಿರವೇ ಇರುತ್ತಿದ್ದ, ಬಾಗಿಲು ತೆರೆದು ಹಿಡಿದುಕೊಂಡು. ಗಾಡಿಯೂ ಬಿಸಿಲಿನಲ್ಲಿ ಬೇಯುತ್ತಿರಲಿಲ್ಲ. ಬಿಸಿಲು ಜರುಗಿದಂತೆ ಅವನು ಗಾಡಿಯನ್ನೂ ಜರುಗಿಸಿ ಮರದ ನೆರಳಿನೊಳಗೇ ಇಟ್ಟಿರುತ್ತಿದ್ದ. ಅದಕ್ಕೇ ಆ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಲೈಸೆನ್ಸಿನಲ್ಲಿದೆ, ಅದನ್ನು ಪೊಲೀಸರ ಹೊರತು ಬೇರೆ ಯಾರೂ ಓದಿಲ್ಲ.

"ಇಷ್ಟು ವರ್ಷದಲ್ಲಿ ಒಬ್ಬ ಗಿರಾಕೀನೂ ಹೊರಗೆ ಬಂದು ಡ್ರೈವರ್ ಎಲ್ಲಿ ಅಂತ ಹುಡುಕಿಲ್ಲ" ಎಂದು ಅವನು ಹೇಳಿಕೊಳ್ಳುವಾಗ ಉಳಿದ ಡ್ರೈವರುಗಳು ಟೀ ಲೋಟವನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ನಗುವುದೇನೋ ನಗುತ್ತಿದ್ದರು, ಸುಳ್ಳು ಎನ್ನುವ ಧೈರ್ಯ ಒಬ್ಬನಿಗೂ ಇರಲಿಲ್ಲ.

ಈ ಮಾತನ್ನು ಅವನಿಗಿಂತ ಹೆಚ್ಚಾಗಿ ಹೇಳಿಕೊಂಡು ಬೀಗುತ್ತಿದ್ದವಳು ಅವನ ಹೆಂಡತಿ. ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳದು ಕಾರಿನ ಸೀಟ್ ಕವರ್ ಹೊಲಿಯುವ ಅಂಗಡಿ. ಒಂದು ಭಾರೀ ಹೊಲಿಗೆ ಮಿಷನ್ನು, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಕಾಲಿಟ್ಟಲ್ಲೆಲ್ಲ ಫೋಮಿನ ಚೂರು. ಸ್ಟ್ಯಾಂಡಿನ ಡ್ರೈವರುಗಳಿಗೆಲ್ಲ ಅವಳು ಅತ್ತಿಗೆ, ನಾವೂ ಹಾಗೇ ಕರೆಯೋಣ. ಅಲ್ಲಿನ ಅಷ್ಟೂ ಗಾಡಿಗಳ ಸೀಟು ಹೊಲಿದದ್ದು ಅತ್ತಿಗೆಯೇ. ಅವಳ ಕೆಲಸಕ್ಕೆ ಯಾರಾದರೂ ಬೆರಳು ತೋರಿಸಿದರೆ ಅವರ ಗಾಡಿ ಇನ್ನೊಂದು ವರ್ಷ ಹರಕು ಸೀಟಿನಲ್ಲೇ ಓಡಬೇಕು, ಅಂಥ ಸ್ವಾಭಿಮಾನ. ಮಾತೂ ಅವಳ ಕತ್ತರಿಯ ಹಾಗೆ, ಒಮ್ಮೆ ಹೊರಟರೆ ಅಂಚು ಮುಟ್ಟುವ ತನಕ ನಿಲ್ಲದು.

ಅಂಗಡಿಗೆ ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ ಅವಳು ಊರಿನ ನೋಟಗಳನ್ನೆಲ್ಲ ಬಣ್ಣಿಸುವಳು. ಕೆರೆಯ ನಡುವೆ ಹಕ್ಕಿಗಳು ಕೂರುವ ನಡುಗಡ್ಡೆ. ವಸ್ತುಸಂಗ್ರಹಾಲಯದಲ್ಲಿ ಆಳೆತ್ತರದ ಗಡಿಯಾರ. ಎಲ್ಲಕ್ಕಿಂತ ಹೆಚ್ಚಾಗಿ ಗುಡ್ಡದ ಮೇಲಿನ ಹಳೆಯ ಕಾವಲು ಗೋಪುರ. "ಮೇಲೆ ಹತ್ತಿ ಊರಿನ ಕಡೆ ತಿರುಗಿ ನಿಂತ್ರೆ ಊರು ಅಂಗೈ ಮೇಲೆ ಇಟ್ಟ ಹಾಗೆ ಕಾಣುತ್ತೆ. ಎಡಗಡೆಗೆ ನೋಡಿದ್ರೆ ನದಿ. ಸಂಜೆ ಹೊತ್ತು ನೋಡಬೇಕು ನೀವು." ಕೇಳಿದವರು ನಾಳೆಯೇ ಹೊರಡುವವರಂತೆ ಆಗುತ್ತಿದ್ದರು. ಕೆಲವರು ಹೊರಟದ್ದೂ ಉಂಟು, ನೆರಳಣ್ಣನ ಗಾಡಿಯಲ್ಲೇ.

ಹೇಳುತ್ತಿದ್ದ ಅತ್ತಿಗೆ ಮಾತ್ರ ಇದರಲ್ಲಿ ಒಂದನ್ನೂ ನೋಡಿರಲಿಲ್ಲ. ಎಲ್ಲವೂ ಊಟದ ಹೊತ್ತಿನಲ್ಲಿ ಗಂಡನ ಬಾಯಿಂದ ಕೇಳಿದ್ದು. ಹೋಗಬೇಕೆಂದು ಹೊರಟ ದಿನಗಳಿಗೆ ಕೊರತೆಯಿರಲಿಲ್ಲ. ಡಬ್ಬಿ ಕಟ್ಟಿ, ಅಂಗಡಿಗೆ ಬೀಗ ಹಾಕಿ, ತಲೆ ಬಾಚಿಕೊಂಡು ಅವಳು ಗಾಡಿಯಲ್ಲಿ ಕೂರುವುದು, ಪೆಟ್ರೋಲ್ ಬಂಕ್ ದಾಟುವುದರೊಳಗೆ ಸ್ಟ್ಯಾಂಡಿನಿಂದ ಫೋನ್ ಬರುವುದು. ಯಾರೋ ದೂರದಿಂದ ಬಂದಿದ್ದಾರೆ, ನೆರಳಣ್ಣನ ಗಾಡಿಯೇ ಬೇಕಂತೆ. ಅವನು ಕನ್ನಡಿಯಲ್ಲಿ ಅವಳ ಮುಖ ನೋಡಿ, "ನಾಳೆ ಹೋಗೋಣ ಕಣೇ, ನಾವು ಇಲ್ಲೇ ಇರೋರಲ್ವಾ" ಎನ್ನುವನು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಗೊಣಗುತ್ತ ಅವಳು ಇಳಿದು ನಡೆದುಕೊಂಡು ಬಂದು ಅಂಗಡಿ ತೆರೆದರೆ, ಸಂಜೆಗೆ ಮತ್ತೆ ಅದೇ ಗಂಡನ ಹೊಗಳಿಕೆ. ಹೆಮ್ಮೆ ಎಂಬುದು ಕೋಪಕ್ಕಿಂತ ಹಟಮಾರಿ.

ಇಂಥ ಹೆಂಗಸು ಒಂದು ಮಧ್ಯಾಹ್ನ ಸ್ಟ್ಯಾಂಡಿನ ಸೆಕ್ರೆಟರಿಯ ಕಿಟಕಿಯ ಮುಂದೆ ಹೋಗಿ ನಿಂತಳು. ಬಾಡಿಗೆ ಗೊತ್ತು ಮಾಡುವುದೂ ಡ್ರೈವರುಗಳಿಗೆ ಫೋನ್ ಮಾಡುವುದೂ ಆತನೇ.

"ಒಂದು ದಿನದ ಬಾಡಿಗೆ ಗೊತ್ತು ಮಾಡ್ಕೊಳ್ಳಿ. ನೆರಳಣ್ಣನ ಗಾಡಿ."

"ಯಾರಿಗೆ ಅತ್ತಿಗೆ?"

"ನನಗೆ."

ಸೆಕ್ರೆಟರಿ ಕನ್ನಡಕ ತೆಗೆದು ಒರೆಸಿಕೊಂಡ. "ನಿಮ್ಮ ಗಂಡನ ಗಾಡಿಗೆ ನೀವು ಬಾಡಿಗೆ ಕೊಡ್ತೀರಾ?"

"ಒಪ್ಪಿಕೊಂಡ ಗಿರಾಕೀನ ಅವರು ಯಾವತ್ತಾದ್ರೂ ದಾರೀಲಿ ಇಳಿಸಿದ್ದುಂಟಾ?"

"ಇಲ್ಲಪ್ಪ. ಅದನ್ನ ಸುಳ್ಳು ಹೇಳಬಾರದು."

"ಹೆಂಡತೀನ ಇಳಿಸಿದ್ದುಂಟು. ಅದಕ್ಕೇ ಗಿರಾಕಿ ಆಗ್ತೀನಿ. ಅವರಿಗೆ ಹತ್ತಿಸಿಕೊಳ್ಳೋ ಜಾಗ ಮಾತ್ರ ಹೇಳಿ, ನನ್ನ ಹೆಸರು ಹೇಳಬೇಡಿ."

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಜಾಣತನ ಇದು. ಆದರೆ ಅದರ ಒಳಗೆ ಇದ್ದ ಆಸೆ ಚಿಕ್ಕದು. ಗಂಡನ ಪಕ್ಕದಲ್ಲಿ ಆ ಗೋಪುರದ ಮೇಲೆ ಒಮ್ಮೆ ನಿಲ್ಲಬೇಕು, ಅವನು ಎಲ್ಲರಿಗೂ ಹೇಳುವ ಆ ಮಾತನ್ನು ಅಲ್ಲಿ ನಿಂತು ತನಗೂ ಹೇಳಬೇಕು. ಅಷ್ಟಕ್ಕಾಗಿ ಅವಳು ಅಷ್ಟು ವರ್ಷ ಕಾದಿದ್ದಳು.

ಮರುದಿನ ಬೆಳಿಗ್ಗೆ ಸೆಕ್ರೆಟರಿ ಹೇಳಿದ ಜಾಗಕ್ಕೆ ನೆರಳಣ್ಣ ಗಾಡಿ ತಂದು ನಿಲ್ಲಿಸಿದಾಗ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೈಚೀಲ ಹಿಡಿದು ಕೂತಿದ್ದವಳು ಮನೆಯಲ್ಲಿ ತನಗೆ ಟೀ ಕೊಟ್ಟು ಕಳಿಸಿದ ಹೆಂಡತಿ. ಇಂಗು ತಿಂದ ಮಂಗನ ಹಾಗಾಯಿತು ಅವನ ಮುಖ.

"ಏನೇ ಇದು?"

"ಏನೇ ಗೀನೇ ಎಲ್ಲ ಮನೇಲಿ. ಗಿರಾಕೀನ ಹೀಗಾ ಮಾತಾಡಿಸೋದು?"

ಅವನು ಇಳಿದು ಬಂದು ಹಿಂದಿನ ಬಾಗಿಲು ತೆರೆದ. "ಬನ್ನಿ ಮೇಡಂ. ಎಲ್ಲಿಗೆ?" ನಗು ಮೀಸೆಯ ಕೆಳಗೇ ಇತ್ತು, ಆದರೆ ಬಾಗಿಲು ಹಿಡಿದ ಕೈ ಪೂರ್ತಿ ಡ್ರೈವರನದು. ಅತ್ತಿಗೆ ಹಿಂದಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಓಣಿಯ ಯಾರಾದರೂ ನೋಡಲಿ ಎಂದು ಗಾಜನ್ನೂ ಇಳಿಸಿದಳು.

ಮೊದಲು ಕೆರೆ. ನೆರಳಣ್ಣ ಗೇಟಿನ ಮುಂದೆ ಅವಳನ್ನು ಇಳಿಸಿ, "ನಿಧಾನಕ್ಕೆ ನೋಡ್ಕೊಂಡು ಬನ್ನಿ, ಅವಸರ ಇಲ್ಲ" ಎಂದು ಗಾಡಿಯನ್ನು ಮರದ ಕಡೆಗೆ ಒಯ್ದ. ನಿಲ್ಲಿಸಿ ಬರುತ್ತಾನೆ ಎಂದುಕೊಂಡು ಅತ್ತಿಗೆ ಇಬ್ಬರಿಗೂ ಟಿಕೆಟ್ ಕೊಂಡು ಗೇಟಿನ ಪಕ್ಕ ನಿಂತಳು. ನಿಂತೇ ನಿಂತಳು. ಒಳಗೆ ಹೋದವರು ಹೊರಗೆ ಬಂದರು, ಬಲೂನು ಮಾರುವವನು ಅವಳನ್ನು ದಾಟಿ ಹೋಗಿ ಮತ್ತೆ ದಾಟಿ ಬಂದ. ಕೊನೆಗೆ ಮರದ ಕಡೆ ಹೋಗಿ ನೋಡಿದರೆ ಗಂಡ ಬಟ್ಟೆ ಹಿಡಿದು ಕನ್ನಡಿ ಒರೆಸುತ್ತಿದ್ದಾನೆ. ಅವಳನ್ನು ಕಂಡವನೇ ಹಿಂದಿನ ಬಾಗಿಲು ತೆರೆದ.

"ಬರಲ್ವಾ ನೀವು?"

"ಎಲ್ಲಿಗೆ?"

"ಒಳಗೆ."

"ಗಾಡಿ ಬಿಟ್ಟು?" ಅವನಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ. "ನಾನು ಒಳಗೆ ಹೋದ್ರೆ ಗಿರಾಕಿ ಹೊರಗೆ ಬಂದಾಗ ಇಲ್ಲಿ ಯಾರಿರ್ತಾರೆ?"

ಅತ್ತಿಗೆಗೆ ಆಗ ಹೊಳೆಯಿತು. "ರೀ, ನೀವು ನಡುಗಡ್ಡೆ ನೋಡಿದ್ದೀರಾ?"

"ನೋಡದೆ ಏನು, ಎಲ್ರೂ ಹೇಳ್ತಾರಲ್ಲ."

"ಗಡಿಯಾರ?"

"ಅದೂ ಹೇಳ್ತಾರೆ."

"ಗೋಪುರ?"

ನೆರಳಣ್ಣ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಅವನು ಊರಿನ ಪ್ರತಿಯೊಂದು ನೋಟದ ಗೇಟು ಬಲ್ಲವನು. ಎಲ್ಲಿ ನೆರಳು, ಎಲ್ಲಿ ಕುಡಿಯುವ ನೀರು, ಯಾವ ಕಾವಲುಗಾರ ಸಿಡುಕ ಎಲ್ಲ ಬಲ್ಲ. ಗೇಟಿನ ಆಚೆಗಿನದು ಮಾತ್ರ ವಾಪಸು ಬಂದ ಗಿರಾಕಿಗಳು ಸೀಟಿಗೆ ಒರಗಿ ಆಡಿದ ಮಾತು. ಅವರಿಂದ ಕೇಳಿದ್ದನ್ನು ಇವರಿಗೆ, ಇವರಿಂದ ಕೇಳಿದ್ದನ್ನು ಅವರಿಗೆ. ಹೆಂಡತಿಗೂ ಅದನ್ನೇ. ಅತ್ತಿಗೆಗೆ ನಗು ಬಂತು, ಅದರ ಹಿಂದೆಯೇ ಸಂಕಟವೂ ಬಂತು. ಅವಳು ಒಬ್ಬಳೇ ಒಳಗೆ ಹೋಗಲಿಲ್ಲ. ಟಿಕೆಟನ್ನು ಚೀಲಕ್ಕೆ ತುರುಕಿ ಗಾಡಿ ಹತ್ತಿದಳು.

ದಾರಿಯಲ್ಲಿ ಫೋನ್ ಬಂತು. ಸ್ಟ್ಯಾಂಡಿನಿಂದಲೇ, ಆದರೆ ಮಾತಾಡುತ್ತಿದ್ದವನು ಸೆಕ್ರೆಟರಿ ಊಟಕ್ಕೆ ಹೋದಾಗ ಕಿಟಕಿ ನೋಡಿಕೊಳ್ಳುವ ಇನ್ನೊಬ್ಬ ಡ್ರೈವರ್. ಹಳೆಯ ಗಿರಾಕಿ, ದೊಡ್ಡ ಮನುಷ್ಯರು, ಈಗಲೇ ಬೇಕಂತೆ. ಹಿಂದಿನ ಸೀಟಿನಲ್ಲಿ ಅತ್ತಿಗೆ ಉಸಿರು ಹಿಡಿದಳು. ಕೈ ತಾನಾಗಿಯೇ ಚೀಲವನ್ನು ಹತ್ತಿರ ಎಳೆದುಕೊಂಡಿತು, ಇಳಿದು ಅಭ್ಯಾಸವಾದ ಕೈ.

"ಆಗಲ್ಲ," ಎಂದ ನೆರಳಣ್ಣ. "ಗಾಡೀಲಿ ಗಿರಾಕಿ ಇದ್ದಾರೆ."

ಆಚೆಯವನು ಇನ್ನೇನೋ ಹೇಳಿದ.

"ಯಾರಾದ್ರೇನು? ನನ್ನ ಗಾಡಿ ಹತ್ತಿದೋರು ಹತ್ತಿದೋರೇ." ಫೋನು ಇಟ್ಟ. ಕನ್ನಡಿಯಲ್ಲಿ ಹೆಂಡತಿಯ ಮುಖವನ್ನು ನೋಡಲಿಲ್ಲ, ರಸ್ತೆಯನ್ನೇ ನೋಡುತ್ತಿದ್ದ. ಈ ಮಾತಿಗೆ ಬಾಡಿಗೆ ಕೊಡಬೇಕಾಯಿತಲ್ಲ ಎಂದು ಅವಳಿಗೆ ಒಂದು ಕ್ಷಣ ಕೋಪ ಬಂತು. ಕೊಟ್ಟದ್ದು ಸಾರ್ಥಕ ಎಂದು ಮರುಕ್ಷಣವೇ ಎದೆ ಉಬ್ಬಿತು.

ವಸ್ತುಸಂಗ್ರಹಾಲಯಕ್ಕೆ ಅಂದು ವಾರದ ರಜೆ. ಗಡಿಯಾರ ಅಲ್ಲಿಗೇ ಉಳಿಯಿತು. ಹೋಟೆಲಿನಲ್ಲಿ ಅಭ್ಯಾಸಬಲದಿಂದ ಡ್ರೈವರುಗಳ ಬೆಂಚಿನ ಕಡೆ ಹೊರಟ ನೆರಳಣ್ಣನನ್ನು ಅವಳು ತೋಳು ಹಿಡಿದು ತನ್ನ ಎದುರಿಗೆ ಕೂರಿಸಬೇಕಾಯಿತು. ಊಟ ಮುಗಿಸಿ ಗುಡ್ಡದ ರಸ್ತೆ ಹಿಡಿಯುವ ಹೊತ್ತಿಗೆ ಅತ್ತಿಗೆ ಸೀಟಿನಲ್ಲಿ ಆಚೆ ಈಚೆ ಹೊರಳಾಡತೊಡಗಿದ್ದಳು. ಎಡಕ್ಕೆ ಸರಿದಳು, ಬಲಕ್ಕೆ ಸರಿದಳು, ಚೀಲವನ್ನು ತೊಡೆಯ ಕೆಳಗೆ ಇಟ್ಟುಕೊಂಡು ನೋಡಿದಳು.

"ಗಾಡಿ ನಿಲ್ಲಿಸಿ."

ಇಳಿದು ಸೀಟಿನ ಮುಂದಿನ ಅಂಚಿಗೆ ಬೆರಳು ಆಡಿಸಿದಳು. ಅಂಚಿನುದ್ದಕ್ಕೂ ಹಗ್ಗದ ಹಾಗೆ ಉಬ್ಬಿಸಿ ಹೊಲಿಯುವ ಪೈಪಿಂಗ್ ಅವಳ ಅಂಗಡಿಯ ಗುರುತು. ನೋಡಿದವರೆಲ್ಲ ಹೊಗಳಿದ್ದು ಅದನ್ನೇ. ಅದೇ ಪೈಪಿಂಗ್ ಬೆಳಗಿನಿಂದ ಅವಳ ತೊಡೆಗೆ ಒತ್ತಿ ಒತ್ತಿ ಬರೆ ಎಳೆದಿತ್ತು. ಸೀಟು ಹೊಲಿದವಳು ಅಷ್ಟು ವರ್ಷದಲ್ಲಿ ಒಂದು ದಿನವೂ ಅದರ ಮೇಲೆ ದಿನವಿಡೀ ಕೂತಿರಲಿಲ್ಲ.

"ಗಿರಾಕಿಗಳು ಯಾರೂ ಹೇಳಲಿಲ್ವಾ ಇದನ್ನ?"

ನೆರಳಣ್ಣ ಗುಡ್ಡದ ಕಡೆ ನೋಡಿದ. "ಹೇಳ್ತಾರೆ."

"ನೀವೇನಂತೀರಿ?"

"ಹೊಸ ಕವರು, ನಾಲ್ಕು ದಿನ ಹೋದ್ರೆ ಮೆತ್ತಗಾಗುತ್ತೆ ಅಂತೀನಿ."

"ಯಾವಾಗಿನಿಂದ?"

"ಮೊದಲಿಂದಾನೂ." ಅವನು ತಲೆ ಕೆರೆದುಕೊಂಡ. "ನೀನು ಅಷ್ಟು ಚೆಂದ ಮಾಡಿ ಹೊಲಿದಿದ್ದು. ಯಾರೋ ಏನೋ ಅಂದ್ರು ಅಂತ ನಿನ್ನ ಮುಂದೆ ಬಂದು ಹೇಳೋಕೆ ಬಾಯಿ ಬರಲಿಲ್ಲ."

ಅತ್ತಿಗೆಗೆ ಸಿಟ್ಟು ಮಾಡಬೇಕೋ ಅಳಬೇಕೋ ತಿಳಿಯಲಿಲ್ಲ. ಊರಿಗೆಲ್ಲ ನೆರಳು ಕೊಡುವವನು ತನ್ನ ತಪ್ಪಿಗೂ ಇಷ್ಟು ಕಾಲ ನೆರಳು ಹಿಡಿದಿದ್ದಾನೆ. ಚೀಲದಲ್ಲಿ ದಾರ ಕತ್ತರಿಸುವ ಪುಟ್ಟ ಕತ್ತರಿ ಸದಾ ಇರುತ್ತಿತ್ತು. ರಸ್ತೆಯ ಬದಿಯಲ್ಲೇ ಮಂಡಿಯೂರಿ ಕೂತು ತನ್ನ ಹೆಸರಾಂತ ಪೈಪಿಂಗನ್ನು ಅಂಚಿನಿಂದ ಅಂಚಿಗೆ ತಾನೇ ಬಿಚ್ಚಿ ಹಾಕಿದಳು. ಆಮೇಲೆ ಎದ್ದು ಮಂಡಿಯ ಧೂಳು ಕೊಡವಿಕೊಂಡು, ಮುಂದಿನ ಬಾಗಿಲು ತೆಗೆದು ಗಂಡನ ಪಕ್ಕದ ಸೀಟಿನಲ್ಲಿ ಕೂತಳು.

"ನನ್ನ ಕೆಲಸದ ಮೇಲೆ ನಾನು ಕೂತು ನೋಡಿದ್ದಕ್ಕೆ ಗೊತ್ತಾಯ್ತು," ಎಂದಳು. "ನಿಮ್ಮ ಮಾತಿನ ಮೇಲೆ ನೀವು ಹತ್ತಿ ನೋಡಬೇಡ್ವಾ?"

ನೆರಳಣ್ಣ ಗಾಡಿ ಹೊರಡಿಸಿದ. ಗುಡ್ಡದ ತಿರುವುಗಳಲ್ಲಿ ನದಿ ಅವನ ಎಡಗಡೆಗೆ ಕಾಣಿಸಿಕೊಳ್ಳುತ್ತ, ಮರೆಯಾಗುತ್ತ ಜೊತೆಗೇ ಬಂತು.

ಗೋಪುರದ ಬುಡದಲ್ಲಿ ದೊಡ್ಡದೊಂದು ಮರ. ಅದರ ನೆರಳಿನಲ್ಲಿ ನೆರಳಣ್ಣನ ಜಾಗ ಎಂದೇ ಒಂದು ಜಾಗ, ಬೇರೆ ಯಾರೂ ಅಲ್ಲಿ ಗಾಡಿ ನಿಲ್ಲಿಸರು. ಪಾರ್ಕಿಂಗ್ ಕಾಯುವ ಮುದುಕ ಸೀಟಿ ಊದಿ, ಗೋಪುರದ ಬಾಗಿಲು ಇನ್ನೇನು ಮುಚ್ಚುತ್ತಾರೆ, ಹೋಗುವವರು ಬೇಗ ಹೋಗಿ ಎಂದ. ಅತ್ತಿಗೆ ಇಳಿದಳು. ನೆರಳಣ್ಣ ಕೈ ಸ್ಟೀರಿಂಗಿನ ಮೇಲಿಟ್ಟು ಕೂತೇ ಇದ್ದ.

"ನೀನು ಹೋಗಿ ಬಾ. ನಾನು ಇಲ್ಲೇ ಇರ್ತೀನಿ."

"ಯಾಕೆ?"

"ಗಿರಾಕಿ ಬಂದಾಗ ಡ್ರೈವರ್ ಇಲ್ಲ ಅನ್ನೋ ಮಾತು ನನಗೆ ಇವತ್ತಿನ ತನಕ ಬಂದಿಲ್ಲ ಕಣೇ." ಹಟವಲ್ಲ, ಬೇಡಿಕೊಳ್ಳುವ ದನಿ. ಅವನಿಗೆ ಇದ್ದ ಆಸ್ತಿ ಅದೊಂದೇ, ಅದನ್ನು ಹೆಂಡತಿಯ ಮಾತಿಗೂ ಬಿಟ್ಟುಕೊಡಲು ಕೈ ಬರದು.

ಅತ್ತಿಗೆ ಆ ಆಸ್ತಿಯ ಬೆಲೆ ಬಲ್ಲವಳು. ಅರ್ಧ ಬದುಕು ಅದನ್ನೇ ಹೇಳಿಕೊಂಡು ತಲೆಯೆತ್ತಿ ನಡೆದವಳು. ಅದಕ್ಕೇ ಕೂಗಾಡಲಿಲ್ಲ. ಕಿಟಕಿಗೆ ಬಗ್ಗಿದಳು. "ಇವತ್ತಿನ ಗಿರಾಕಿ ಯಾರು?"

"ನೀನು."

"ನಾನು ನಿಮ್ಮ ಜೊತೇಲೇ ಇದ್ರೆ, ಇಲ್ಲಿಗೆ ಬಂದು ಡ್ರೈವರ್ ಎಲ್ಲಿ ಅಂತ ಹುಡುಕೋರು ಯಾರು?"

ಸೀಟಿ ಬಾಯಲ್ಲಿಟ್ಟುಕೊಂಡೇ ಮುದುಕ ನಕ್ಕು ಕೆಮ್ಮಿದ. "ಸಿಕ್ಕಿಬಿದ್ದೆ ಕಣೋ ನೆರಳಣ್ಣ. ಇಳಿ, ಇಳಿ."

ಅವನು ಇಳಿದ. ಬಾಗಿಲು ಹಾಕಿ, ಬೀಗ ಹಾಕಿ, ಹಿಡಿ ಎಳೆದು ನೋಡಿ, ಗಾಡಿಯ ಸುತ್ತ ಒಂದು ಸುತ್ತು ಬಂದು ಮತ್ತೆ ಹಿಡಿ ಎಳೆದು ನೋಡಿದ. ಮೆಟ್ಟಿಲು ಹತ್ತುವಾಗ ಉದ್ದಕ್ಕೂ ಬೀಗದ ಕೈ ಅವನ ಮುಷ್ಟಿಯಲ್ಲೇ ಇತ್ತು. ಪ್ರತಿ ತಿರುವಿನಲ್ಲೂ ಕಿಂಡಿಗೆ ಕಣ್ಣಿಟ್ಟು ಕೆಳಗೆ ಇಣುಕಿದ. ಅತ್ತಿಗೆ ಏದುಸಿರು ಬಿಡುತ್ತ, ಒಂದು ಕೈ ಗೋಡೆಗೆ, ಒಂದು ಕೈ ಅವನ ಬೆನ್ನಿಗೆ ಕೊಟ್ಟು ಹತ್ತಿದಳು. ತಳ್ಳುತ್ತಿದ್ದಳೋ ಆತುಕೊಂಡಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

ಮೇಲೆ ಗಾಳಿ ಜೋರಾಗಿತ್ತು. ಊರು ನಿಜಕ್ಕೂ ಅಂಗೈ ಮೇಲೆ ಇಟ್ಟ ಹಾಗೇ ಇತ್ತು. ಸ್ಟ್ಯಾಂಡು, ಅದರ ಹಿಂದಿನ ಓಣಿ, ತನ್ನ ಅಂಗಡಿಯ ತಗಡಿನ ಸೂರು, ಕೆರೆ, ಕೆರೆಯ ನಡುವೆ ಹಸಿರು ಬೊಟ್ಟಿನಂಥ ನಡುಗಡ್ಡೆ. ಅಲ್ಲಿ ಗೇಟಿನ ಒಳಗೆ ಹೋಗದಿದ್ದರೂ ಕಂಡಿತಲ್ಲ ಎಂದು ಅತ್ತಿಗೆಗೆ ಸಮಾಧಾನ.

"ಈಗ ಹೇಳಿ," ಎಂದಳು. "ಎಲ್ರಿಗೂ ಹೇಳೋದನ್ನ ನನಗೂ ಹೇಳಿ."

ನೆರಳಣ್ಣ ಗಂಟಲು ಸರಿಮಾಡಿಕೊಂಡ. "ಊರಿನ ಕಡೆ ತಿರುಗಿ ನಿಲ್ಲಿ. ಎಡಗಡೆ ನೋಡಿದ್ರೆ ನದಿ..."

ಎಡಗಡೆ ಬರೀ ಬೋಳು ಗುಡ್ಡ. ನದಿ ಸಂಜೆಬಿಸಿಲಿಗೆ ಹೊಳೆಯುತ್ತ ಬಲಗಡೆ ಹರಿಯುತ್ತಿತ್ತು. ಗುಡ್ಡ ಹತ್ತಿ ಬರುವ ಡ್ರೈವರಿಗೆ ಅದು ಎಡ. ಮೇಲೆ ನಿಂತು ಬಂದ ದಾರಿಗೆ ಮುಖ ಮಾಡಿದವರಿಗೆ ಬಲ. ಅವನು ಇಷ್ಟು ವರ್ಷ ಎಲ್ಲರನ್ನೂ ಸ್ಟೀರಿಂಗಿನ ಹಿಂದೆ ಕೂರಿಸಿಯೇ ನದಿ ತೋರಿಸಿದ್ದ.

"ಒಬ್ರಾದ್ರೂ ಬಂದು ಹೇಳಬಾರದಾ," ಎಂದ, ದನಿ ಕುಗ್ಗಿ.

"ಹೇಳೋಕೆ ಬಾಯಿ ಬಂದಿರಲ್ಲ. ಅಷ್ಟು ಹೊತ್ತು ಕಾದು ನಿಂತ ನೀವು ತಣ್ಣಗಿನ ಗಾಡಿ ಬಾಗಿಲು ತೆಗೆದು ಹೇಗಿತ್ತು ಅಂತ ಕೇಳಿದ್ರೆ ಚೆನ್ನಾಗಿತ್ತು ಅಂತಲೇ ಅಂದಿರ್ತಾರೆ. ನನ್ನ ಸೀಟಿಗೆ ನೀವು ಮಾಡಿದ ಹಾಗೆ."

ಅವನು ನಕ್ಕ. ಮೊದಲು ಮೀಸೆಯ ಕೆಳಗೆ, ಆಮೇಲೆ ಗಟ್ಟಿಯಾಗಿ. ನಗುತ್ತಲೇ ಗೋಡೆಗೆ ಬಗ್ಗಿ ಕೆಳಗೆ ನೋಡಿದವನು ಹಾಗೇ ನಿಂತುಬಿಟ್ಟ. ಮರದ ನೆರಳಿನಲ್ಲಿ ಗಾಡಿ, ಅದರ ಪಕ್ಕದಲ್ಲಿ ಅವನು ದಿನಾ ನಿಲ್ಲುವ ಸವೆದ ನೆಲದ ತುಂಡು. ಮೇಲಿನಿಂದ ಗಿರಾಕಿಗಳು ಕೈ ಬೀಸುತ್ತಾರೆ ಎಂದು ಅವನು ದಿನವೂ ಅಲ್ಲಿಂದ ಗೋಪುರದ ಕಡೆ ಕೈ ಬೀಸುತ್ತಿದ್ದ. ಬಿಸಿಲು ಕಣ್ಣಿಗೆ ಹೊಡೆದು ಮೇಲಿದ್ದವರು ಒಬ್ಬರೂ ಅವನಿಗೆ ಕಾಣುತ್ತಿರಲಿಲ್ಲ.

"ಇಲ್ಲಿಂದ ಎಷ್ಟು ಚೆನ್ನಾಗಿ ಕಾಣುತ್ತೆ," ಎಂದ. "ನಾನು ಅಲ್ಲಿ ನಿಂತಿರೋದು ಎಲ್ರಿಗೂ ಕಾಣ್ತಿತ್ತಾ?"

"ಎಲ್ರಿಗೂ," ಎಂದಳು ಅತ್ತಿಗೆ. ನದಿಗಿಂತ, ಊರಿಗಿಂತ ಅವಳಿಗೆ ನೋಡಬೇಕಾಗಿದ್ದದ್ದು ಇದೇ ಇರಬೇಕು. "ಅವರೆಲ್ಲ ಊರು ನೋಡಿ ಆದ ಮೇಲೆ ನಿಮ್ಮನ್ನೇ ನೋಡಿರ್ತಾರೆ."

ಮತ್ತೆ ಫೋನ್ ಬಂತು. ಈ ಸಲ ಸೆಕ್ರೆಟರಿಯೇ. ಗಾಳಿಗೆ ಕೇಳಿಸದೆ ನೆರಳಣ್ಣ ಸ್ಪೀಕರ್ ಹಾಕಿದ.

"ನೆರಳಣ್ಣ, ಎಲ್ಲಿದ್ದೀಯ? ಗಾಡಿ ಹತ್ತಿರಾನೇ ತಾನೆ?"

"ಇಲ್ಲ. ಗೋಪುರದ ತುದೀಲಿದ್ದೀನಿ."

"ಗಾಡಿ?"

"ಕೆಳಗಿದೆ."

"ಮತ್ತೆ ಗಿರಾಕಿ?"

ನೆರಳಣ್ಣ ಪಕ್ಕಕ್ಕೆ ನೋಡಿದ. ಬೀಗದ ಕೈಯನ್ನು ಆಗ ಜೇಬಿಗೆ ಹಾಕಿಕೊಂಡ. "ಗಿರಾಕಿ ಜೊತೇಲೇ ಇದ್ದೀನಿ. ಅವರು ಹೇಳಿದಷ್ಟು ಹೊತ್ತು."

ಕೆಳಗಿನಿಂದ ಮುದುಕನ ಸೀಟಿ ಕೇಳಿಸಿತು, ಬಾಗಿಲು ಮುಚ್ಚುತ್ತಾರೆ ಎಂದು. ಮುದುಕ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದ. ಅತ್ತಿಗೆ ಅವನ ಕಡೆಗೆ ಜೋರಾಗಿ ಕೈ ಬೀಸಿದಳು, ಪಕ್ಕದಲ್ಲಿ ನೆರಳಣ್ಣನೂ ಬೀಸಿದ.